ತಂಬೂರಿ ಶ್ರುತಿಗೆ ಮೊಬೈಲ್ ಪರದೆ: ಎಲ್ಲಿ ನೋಡಬೇಕು, ಎಲ್ಲಿ ಕೇಳಬೇಕು

ಮಾಟುಂಗಾ, ಮುಲುಂಡ್, ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಸಂಗೀತ ಕಲಿಯುವವರ ಮುಂದೆ ಈಗ ತಂಬೂರಿಯ ಪಕ್ಕದಲ್ಲೇ ಮೊಬೈಲ್ ಕೂತಿರುತ್ತದೆ. ಟ್ಯೂನರ್ ಆ್ಯಪ್ ತೆರೆದು ತಂತಿ ಮೀಟುವುದು, ಮುಳ್ಳು ನಡುವಿಗೆ ಬಂದು ಹಸಿರು ಹೊತ್ತಿಕೊಂಡರೆ ಶ್ರುತಿ ಕೂಡಿತು ಅಂದುಕೊಳ್ಳುವುದು ರೂಢಿ. ನಾಲ್ಕೂ ತಂತಿಗೆ ಹಸಿರು ಬಂದ ಮೇಲೂ ತಂಬೂರಿ ಒಡಕಾಗಿ ನುಡಿದರೆ ಬಿರಡೆಯ ಮೇಲೆ, ತಂತಿಯ ಮೇಲೆ ಸಿಟ್ಟು. ತಪ್ಪು ಅಲ್ಲಿರುವುದು ಕಡಿಮೆ. ಆ್ಯಪ್ ಯಾವ ಅಳತೆಗೋಲು ಹಿಡಿದು ಅಳೆಯುತ್ತದೆ ಎನ್ನುವುದು ಗೊತ್ತಿದ್ದರೆ ಅದೇ ಪರದೆ ಬಹಳ ಕೆಲಸಕ್ಕೆ ಬರುತ್ತದೆ.

ಪರದೆಗಳಲ್ಲಿ ಮೂರು ಬಗೆ. ಮುಳ್ಳಿನದು ಎಲ್ಲರಿಗೂ ಗೊತ್ತು. ಎರಡನೆಯದು ಸ್ಟ್ರೋಬ್: ಪಟ್ಟೆಗಳು ಒಂದು ಕಡೆಗೆ ಓಡುತ್ತಿರುತ್ತವೆ, ಸ್ವರ ಕೂಡಿದಾಗ ನಿಲ್ಲುತ್ತವೆ. ಅಮೆರಿಕದ ಕಾನ್ ಕಂಪನಿ 1936ರಲ್ಲಿ ತಂದ ಸ್ಟ್ರೋಬೊಕಾನ್ ಯಂತ್ರದಲ್ಲಿ ನಿಜವಾದ ತಟ್ಟೆಗಳೇ ತಿರುಗುತ್ತಿದ್ದವು, ಸ್ವರದ ಕಂಪನಕ್ಕೆ ತಕ್ಕಂತೆ ದೀಪ ಮಿನುಗುತ್ತಿತ್ತು. ಇಂದಿನ ಆ್ಯಪ್ ಅದನ್ನೇ ಚಿತ್ರದಲ್ಲಿ ಮಾಡುತ್ತದೆ. ಮೂರನೆಯದು ಸ್ಪೆಕ್ಟ್ರಮ್: ಒಂದೇ ತಂತಿಯಲ್ಲಿ ಅಡಗಿರುವ ಉಪಸ್ವರಗಳನ್ನು ಏಣಿಯ ಮೆಟ್ಟಿಲಂತೆ ಬಿಡಿಸಿ ತೋರಿಸುತ್ತದೆ. ತಂಬೂರಿಗೆ ಮುಳ್ಳಿಗಿಂತ ಸ್ಟ್ರೋಬ್ ಮೇಲು. ಮುಳ್ಳು ಸರಾಸರಿ ತೆಗೆದು ತೋರಿಸುವುದರಿಂದ ಸಣ್ಣ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ಸ್ಟ್ರೋಬಿನಲ್ಲಿ ಅದು ನಿಧಾನದ ಓಟವಾಗಿ ಕಾಣುತ್ತದೆ. ಸಾಮಾನ್ಯವಾಗಿ ಪಟ್ಟೆ ಬಲಕ್ಕೆ ಓಡಿದರೆ ಏರು, ಎಡಕ್ಕೆ ಓಡಿದರೆ ಇಳಿ. ಆದರೂ ಮೊದಲ ಸಲ ತಂತಿಯನ್ನು ಬೇಕೆಂದೇ ಸ್ವಲ್ಪ ಏರಿಸಿ ನಿಮ್ಮ ಆ್ಯಪ್ ಯಾವ ಕಡೆಗೆ ಓಡುತ್ತದೆ ನೋಡಿಕೊಳ್ಳಿ.

ಮೀಟುವ ಮೊದಲು

ಆ್ಯಪನ್ನು ಕ್ರೋಮ್ಯಾಟಿಕ್‌ನಲ್ಲಿ, ಅಂದರೆ ಹನ್ನೆರಡೂ ಸ್ವರ ಹುಡುಕುವ ಆಯ್ಕೆಯಲ್ಲಿ ಇಡಿ. ಗಿಟಾರ್ ಎಂದು ಇದ್ದರೆ ಅದು ಗಿಟಾರಿನ ಆರು ತಂತಿಗಳನ್ನಷ್ಟೇ ಹುಡುಕುತ್ತದೆ, ನಿಮ್ಮ ಕಾಳಿ ಎಕ್ ಅದಕ್ಕೆ ಸಿಗುವುದಿಲ್ಲ. ಇಲ್ಲಿನ ಮರಾಠಿ ಗುರುಗಳು ಹೇಳುವ ಕಾಳಿ ಎಕ್ ಅಂದರೆ ಸಿ ಶಾರ್ಪ್, ಕರ್ನಾಟಕ ಪದ್ಧತಿಯವರ ಒಂದೂವರೆ ಮನೆ. ಕಾಳಿ ಚಾರ್ ಅಂದರೆ ಜಿ ಶಾರ್ಪ್, ಐದೂವರೆ ಮನೆ. ಪಾಂಢ್ರಿ ಚಾರ್ ಅಂದರೆ ಎಫ್, ನಾಲ್ಕು ಮನೆ.

ನಂತರ ಎ ಸ್ವರದ ಅಳತೆ. ಆ್ಯಪ್ ಸಾಮಾನ್ಯವಾಗಿ 440 ಹರ್ಟ್ಸ್ ಹಿಡಿದಿರುತ್ತದೆ. ಹಾರ್ಮೋನಿಯಂ ಜೊತೆಗೆ ಹಾಡುವುದಿದ್ದರೆ ಪೆಟ್ಟಿಗೆಯ ನಿಮ್ಮ ಷಡ್ಜದ ಮನೆಯನ್ನು ಒತ್ತಿ, ಭಾತೆಯನ್ನು (ತಿದಿಯನ್ನು) ಸಮನಾಗಿ ಹಾಕಿ ಪರದೆ ನೋಡಿ. 8 ಸೆಂಟ್ ಏರು ತೋರಿಸಿದರೆ ಎ ಅಳತೆಯನ್ನು 442ಕ್ಕೆ ಏರಿಸಿ, ಮುಳ್ಳು ಸೊನ್ನೆಗೆ ಬರುತ್ತದೆ. ಒಂದು ಸ್ವರದ ಮನೆಯಿಂದ ಪಕ್ಕದ ಮನೆಗೆ 100 ಸೆಂಟ್, ಷಡ್ಜದಿಂದ ತಾರಷಡ್ಜಕ್ಕೆ 1200 ಸೆಂಟ್ ಎಂಬ ಲೆಕ್ಕ ನೆನಪಿರಲಿ. ಪೆಟ್ಟಿಗೆಯ ರೀಡನ್ನು ನಿಂತ ನಿಲುವಿನಲ್ಲಿ ತಿದ್ದಲಾಗುವುದಿಲ್ಲ, ತಂಬೂರಿಯನ್ನು ತಿದ್ದಬಹುದು. ಹಾಗಾಗಿ ಬಗ್ಗಬೇಕಾದದ್ದು ತಂಬೂರಿಯೇ.

ಕೆಲವು ಆ್ಯಪ್‌ಗಳಲ್ಲಿ ಜಸ್ಟ್ ಎಂಬ ಶುದ್ಧ ಶ್ರುತಿಯ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಸಾಲದು, ಅದರ ಮೂಲಸ್ವರವನ್ನು ನಿಮ್ಮ ಷಡ್ಜಕ್ಕೆ ಬದಲಿಸಬೇಕು. ಮೂಲ ಸಿ ಎಂದೇ ಉಳಿದು ನಿಮ್ಮದು ಸಿ ಶಾರ್ಪ್ ಆದರೆ ಪ್ರತಿ ಸ್ವರಕ್ಕೂ ತಪ್ಪು ಗುರಿ ಸಿಗುತ್ತದೆ. ಗೊಂದಲ ಬೇಡ ಎನ್ನುವವರು ಸಾಮಾನ್ಯ ಕ್ರೋಮ್ಯಾಟಿಕ್‌ನಲ್ಲೇ ಇದ್ದು, ಮುಂದೆ ಹೇಳುವ ಸೆಂಟ್ ಲೆಕ್ಕವನ್ನು ಕೈಯಲ್ಲಿ ಕೂಡಿಸಿ ಕಳೆದರೆ ಸಾಕು.

ಫೋನನ್ನು ತಂತಿಗಳು ಹಾಯುವ ಕುದುರೆಯ ಹತ್ತಿರ, ಗೇಣಿನಷ್ಟು ದೂರದಲ್ಲಿ, ಮೈಕು ತಂಬೂರಿಯತ್ತ ಇರುವಂತೆ ಇಡಿ. ಫ್ಯಾನ್ ನಿಲ್ಲಿಸಿ, ರೆಕ್ಕೆಗೆ ಬಡಿದು ಬರುವ ನಾದ ಅಲುಗುತ್ತದೆ, ಮುಳ್ಳೂ ಅಲುಗುತ್ತದೆ. ಏನೂ ಮೀಟದೆ ಇರುವಾಗಲೇ ಪರದೆ ಜಿ ತೋರಿಸಿ ಸುಮಾರು 35 ಸೆಂಟ್ ಏರು ಎನ್ನುತ್ತಿದ್ದರೆ ಅದು ಕರೆಂಟಿನ ಗುಂಯ್‌ಗುಡುವಿಕೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಟ್ರಾನ್ಸ್‌ಫಾರ್ಮರು ಹಳೆ ಟ್ಯೂಬ್‌ಲೈಟು ಗುನುಗುವುದು ಅದರ ಇಮ್ಮಡಿ 100 ಹರ್ಟ್ಸ್‌ನಲ್ಲಿ, ಆ ಸಂಖ್ಯೆ ಬೀಳುವುದು ಅಲ್ಲಿಯೇ. ಗಂಡಸರ ತಂಬೂರಿಯ ಪಂಚಮ ಇದರ ಮಗ್ಗುಲಲ್ಲೇ ಇರುವುದರಿಂದ ಮೋಸ ಹೋಗುವುದು ಸುಲಭ. ಸದ್ದಿನ ಜಾಗದಲ್ಲಿ ಕ್ಲಿಪ್ ಟ್ಯೂನರ್ ಒಳ್ಳೆಯದು. ಅದು ಗಾಳಿಯಲ್ಲಿ ಬರುವ ಸದ್ದನ್ನು ಬಿಟ್ಟು ಮರದ ಕಂಪನವನ್ನು ಹಿಡಿಯುತ್ತದೆ. ದಂಡಿ ದಪ್ಪ, ಕ್ಲಿಪ್ ಕೂರುವುದಿಲ್ಲ. ಮೀಟುವ ತಂತಿಯ ಬಿರಡೆಗೇ ಕಚ್ಚಿಸಿ.

ಜೋಡಿಯ ಮೊದಲ ತಂತಿ

ಕುದುರೆಯ ಮೇಲೆ, ತಂತಿಯಡಿಯಲ್ಲಿ ನಾದ ತೆರೆಸಲು ಇಡುವ ಜೀವಾಳದ ದಾರಗಳನ್ನು ಪಕ್ಕಕ್ಕೆ ಸರಿಸಿ. ದಾರ ಇದ್ದಾಗ ಉಪಸ್ವರಗಳು ಮೂಲಸ್ವರಕ್ಕಿಂತ ಜೋರಾಗಿ ಎದ್ದು ಪರದೆಯ ದಾರಿ ತಪ್ಪಿಸುತ್ತವೆ. ಕುದುರೆಯ ಕೆಳಗಿನ ಮಣಿಗಳನ್ನು ತಮ್ಮ ಹಾದಿಯ ನಡುವಿಗೆ ತಂದಿಡಿ; ಮುಂದೆ ಏರಿಸಲೂ ಇಳಿಸಲೂ ಜಾಗ ಇರಬೇಕು.

ಶುರು ಮಾಡುವುದು ಪಂಚಮದಿಂದ ಅಲ್ಲ, ಷಡ್ಜಕ್ಕೆ ಕೂಡಿಸುವ ನಡುವಿನ ಜೋಡಿಯ ಒಂದು ತಂತಿಯಿಂದ. ಕಾಳಿ ಎಕ್ ಇದ್ದರೆ ಗುರಿ 138.6 ಹರ್ಟ್ಸ್, ಕಾಳಿ ಚಾರ್‌ನ ಹೆಣ್ಣುದನಿಗೆ 207.65. ಉಳಿದ ಮೂರನ್ನೂ ಬೆರಳಿನಿಂದ ಮುಟ್ಟಿ ಸುಮ್ಮನಿರಿಸಿ, ಇಲ್ಲದಿದ್ದರೆ ಅವೂ ದನಿಗೂಡಿಸುತ್ತವೆ. ತಂತಿಯ ನಡುಭಾಗದಲ್ಲಿ ಬೆರಳಿನ ಮೆತ್ತನೆ ಜಾಗದಿಂದ ಮೀಟಿ. ಮೀಟಿದ ಕ್ಷಣದ ಅಂಕಿ ನೋಡಬೇಡಿ: ಜೋರಾಗಿ ಎಳೆದ ತಂತಿ ಬಿಗಿಯಾಗಿ ಸ್ವರ ಏರಿರುತ್ತದೆ, ನಂತರ ಇಳಿದು ನೆಲೆ ನಿಲ್ಲುತ್ತದೆ. ಒಂದು ಸೆಕೆಂಡ್ ಬಿಟ್ಟು ಓದಿ. ಹಾಡುವಾಗ ಎಷ್ಟು ಹಗುರಾಗಿ ಮೀಟುತ್ತೀರೋ ಈಗಲೂ ಅಷ್ಟೇ ಹಗುರ ಇರಲಿ.

ಬಿರಡೆಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಬನ್ನಿ, ಒಳಕ್ಕೆ ಒತ್ತುತ್ತಾ ತಿರುಗಿಸಿ. ಗುರಿ ದಾಟಿದರೆ ಚೆನ್ನಾಗಿ ಇಳಿಸಿ ಮತ್ತೆ ಏರಿಸಿ. ಇಳಿಸಿ ನಿಲ್ಲಿಸಿದ ತಂತಿ ಮೇರುವಿನ ತೂತಿನಲ್ಲಿ ಸಿಕ್ಕಿಕೊಂಡು ಐದು ನಿಮಿಷದಲ್ಲಿ ಜಾರುತ್ತದೆ. ಇನ್ನು 15 ಸೆಂಟ್ ಉಳಿದಾಗ ಬಿರಡೆ ಬಿಟ್ಟು ಮಣಿ ಹಿಡಿಯಿರಿ. ಮಣಿಯನ್ನು ಕೆಳಗೆ, ತಂತಿ ಕಟ್ಟಿದ ತುದಿಯ ಕಡೆಗೆ ಸರಿಸಿದರೆ ಸ್ವರ ಏರುತ್ತದೆ. ಕುದುರೆಯ ಕಡೆಗೆ ತಂದರೆ ಇಳಿಯುತ್ತದೆ. ಪರದೆಯ ಸೊನ್ನೆಯನ್ನು ಪೂರ್ತಿ ನಂಬಬಹುದಾದ ತಂತಿ ಇದೊಂದೇ.

ಜೋಡಿಯ ಎರಡನೆಯ ತಂತಿ: ಪರದೆ ಮಗುಚಿಡಿ

ಹಲವು ಆ್ಯಪ್‌ಗಳು ಎರಡು ಮೂರು ಸೆಂಟ್ ಆಚೀಚೆ ಇದ್ದರೂ ಹಸಿರು ತೋರಿಸುತ್ತವೆ. ಜೋಡಿ ತಂತಿಗೆ ಈ ಔದಾರ್ಯ ಆಗದು. 138.6 ಹರ್ಟ್ಸ್‌ನಲ್ಲಿ 3 ಸೆಂಟ್ ಅಂದರೆ 0.24 ಹರ್ಟ್ಸ್, ನಾದ ನಾಲ್ಕು ಸೆಕೆಂಡಿಗೊಮ್ಮೆ ತೂಗುತ್ತದೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ತಂಬೂರಿಯಲ್ಲಿ ಕಿವಿಗೆ ಬೀಳುವುದು ಬಹುಪಾಲು ಮೇಲಿನ ಉಪಸ್ವರಗಳು, ಎಂಟನೆಯ ಉಪಸ್ವರದಲ್ಲಿ ಅದೇ ತಪ್ಪು ಎಂಟು ಪಟ್ಟಾಗಿ ಸೆಕೆಂಡಿಗೆ ಸುಮಾರು ಎರಡು ಸಲ ಅಲೆಯುತ್ತದೆ. ಪರದೆಗೆ ಸರಿ ಕಂಡದ್ದು ಕಿವಿಗೆ ಕಲಕಿದಂತೆ ಕೇಳುವುದು ಇದಕ್ಕೇ. ಎರಡೂ ತಂತಿಗಳನ್ನು ಒಂದರ ಹಿಂದೊಂದು ಮೀಟಿ, ಅಲೆ ನಿಧಾನವಾಗುತ್ತಾ ಹೋಗಿ ನಿಲ್ಲುವವರೆಗೂ ಎರಡನೆಯದರ ಮಣಿ ಸರಿಸಿ. ಅಲೆ ವೇಗವಾದರೆ ತಪ್ಪು ದಿಕ್ಕು. ಮೊದಲ ತಂತಿಯನ್ನು ಮಾತ್ರ ಮುಟ್ಟಬೇಡಿ.

ಖರ್ಜದಲ್ಲಿ ಮುಳ್ಳು ಕುಣಿಯುವುದೇಕೆ

ಖರ್ಜ ಅಂದರೆ ಜೋಡಿಗಿಂತ ಒಂದು ಸಪ್ತಕ ಕೆಳಗಿನ ಷಡ್ಜದ ತಂತಿ. ಕಾಳಿ ಎಕ್‌ನ ಖರ್ಜ 69.3 ಹರ್ಟ್ಸ್. ಫೋನಿನ ಪುಟ್ಟ ಮೈಕಿಗೆ ಈ ಆಳ ಸರಿಯಾಗಿ ಕೇಳಿಸದು. ಜೊತೆಗೆ ತಂತಿಯ ಮೂರನೆಯ ಉಪಸ್ವರ 208 ಹರ್ಟ್ಸ್, ಅಂದರೆ ಪಂಚಮ. ಅದು ಜೋರಾದಾಗ ಪರದೆ ಜಿ ಶಾರ್ಪ್ ಎಂದು ಬರೆಯುತ್ತದೆ, ಬಿರಡೆ ತಿರುಗಿಸುವವರು ಗಾಬರಿಯಾಗುತ್ತಾರೆ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ತೋರಿಸಿದ್ದು ಇದರ ಮೂಲವನ್ನೇ: ಸಾಮಾನ್ಯ ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರ ಹುಟ್ಟಬಾರದು, ತಂಬೂರಿಯ ಅಗಲವಾದ, ಬಾಗಿದ ಕುದುರೆ ಅವನ್ನೂ ಹುಟ್ಟಿಸುತ್ತದೆ. ಟ್ಯೂನರ್ ಬರೆದವರ ಲೆಕ್ಕ ಬಹುತೇಕ ಗಿಟಾರು, ಪಿಟೀಲಿನದು.

ಉಪಾಯ ಸುಲಭ. ಖರ್ಜದ ತಂತಿಯ ಸರಿ ಅರ್ಧದಲ್ಲಿ ಎಡಗೈ ಬೆರಳನ್ನು ಒತ್ತದೆ ಮುಟ್ಟಿಸಿ, ಬಲಗೈಯಿಂದ ಕುದುರೆಯ ಕಡೆಗೆ ಮೀಟಿ, ತಕ್ಷಣ ಎಡಬೆರಳು ಎತ್ತಿ. ಮೇಲಿನ ಷಡ್ಜ, 138.6, ಕೊಳಲಿನಂತೆ ಕೇಳುತ್ತದೆ. ಪರದೆ ಅದನ್ನು ತಡವರಿಸದೆ ಓದುತ್ತದೆ. ಕೊನೆಯ ಹೊಂದಿಕೆ ಜೋಡಿಯ ಜೊತೆ ಮೀಟಿ, ಕೇಳಿ.

ಪಂಚಮಕ್ಕೆ ಎರಡು ಸೆಂಟ್

ಆ್ಯಪಿನ ಪಂಚಮ 700 ಸೆಂಟ್, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ್ದರಿಂದ ಬಂದದ್ದು. ಮೂರಕ್ಕೆ ಎರಡರ ಅನುಪಾತದ ಶುದ್ಧ ಪಂಚಮ 702. ಪರದೆ ಸೊನ್ನೆ ತೋರಿಸುವಾಗ ನಿಲ್ಲಿಸಿದರೆ ಕಾಳಿ ಎಕ್‌ನ ಪಂಚಮದ ತಂತಿ 103.83 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ, ಬೇಕಾದದ್ದು 103.94. ವ್ಯತ್ಯಾಸ ಅತ್ಯಲ್ಪ. ಆದರೆ ಪಂಚಮದ ನಾಲ್ಕನೆಯ ಉಪಸ್ವರ ಮತ್ತು ಷಡ್ಜದ ಮೂರನೆಯ ಉಪಸ್ವರ 415ರ ಆಸುಪಾಸಿನಲ್ಲಿ ಒಂದರ ಮೇಲೊಂದು ಕೂರಬೇಕು. ಕೂರದೆ ಎರಡು ಸೆಕೆಂಡಿಗೊಮ್ಮೆ ತೂಗುತ್ತವೆ. ಮುಳ್ಳನ್ನು 2 ಸೆಂಟ್ ಏರಿಗೆ ತಂದು ಅಲ್ಲಿಂದ ಕಿವಿಯಲ್ಲಿ ತೂಗಾಟ ಕಳೆಯಿರಿ.

ಪಂಚಮ ಬೇಡದ ರಾಗಗಳಿಗೆ: ಮಾಲಕಂಸಕ್ಕೆ ಮಧ್ಯಮ ಇಟ್ಟರೆ ಪರದೆಯಲ್ಲಿ 2 ಸೆಂಟ್ ಇಳಿ, ಮಾರವಾ, ಪೂರಿಯಾಗಳಿಗೆ ಶುದ್ಧ ನಿಷಾದ ಇಟ್ಟರೆ 12 ಸೆಂಟ್ ಇಳಿ. ಗಾಂಧಾರಕ್ಕೆ ತಂತಿಯೇ ಇಲ್ಲ, ಖರ್ಜದ ಐದನೆಯ ಉಪಸ್ವರವಾಗಿ ತಾನಾಗಿ ಕೇಳುತ್ತದೆ. ಅದು ಹಾರ್ಮೋನಿಯಂ ಗಾಂಧಾರಕ್ಕಿಂತ 14 ಸೆಂಟ್ ತಗ್ಗು. ಹಾಡುವವರು ತಂಬೂರಿಯ ಗಾಂಧಾರ ಹಿಡಿದರೆ ಟ್ಯೂನರ್ ಅವರನ್ನು ಬೇಸುರು ಎನ್ನುತ್ತದೆ. ಮಕ್ಕಳ ರಿಯಾಜಿಗೆ ಮುಳ್ಳನ್ನು ಪರೀಕ್ಷಕನಾಗಿ ಕೂರಿಸುವ ಪಾಲಕರು ಇದನ್ನು ತಿಳಿದಿರಬೇಕು.

ಜೀವಾಳ ಹಾಕುವಾಗ ಸ್ಪೆಕ್ಟ್ರಮ್

ಈಗ ದಾರಗಳನ್ನು ಮತ್ತೆ ತಂತಿಯಡಿಗೆ ತನ್ನಿ. ಸ್ಪೆಕ್ಟ್ರಮ್ ಪರದೆ ತೆರೆದು ವ್ಯಾಪ್ತಿಯನ್ನು ಸೊನ್ನೆಯಿಂದ 3000 ಹರ್ಟ್ಸ್‌ಗೆ ಇಡಿ. ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾ ಮೀಟಿ. ಸರಿಯಾದ ಜಾಗ ಸಿಕ್ಕಾಗ 1000 ಹರ್ಟ್ಸ್‌ನ ಮೇಲಿನ ಮೆಟ್ಟಿಲುಗಳೂ ಬೆಳಗುತ್ತವೆ, ಬೆಳಕು ಕಾಲಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಸಿತ್ತಾರಿನಂತೆ ಚರ್‌ಗುಟ್ಟಿದರೆ ದಾರ ಜಾಗ ತಪ್ಪಿದೆ. ಈ ಪರದೆಯಿಂದ ಶ್ರುತಿ ಅಳೆಯಲು ಹೋಗಬೇಡಿ. ಸಾಮಾನ್ಯ ಸೆಟ್ಟಿಂಗಿನಲ್ಲಿ ಅದರ ಒಂದೊಂದು ಗೀಟು ಮೂರರಿಂದ ಐದು ಹರ್ಟ್ಸ್ ಅಗಲ. ನಾಲ್ಕೂ ತಂತಿಗಳ ನಾದ ಒಂದೇ ಹದಕ್ಕೆ ತೆರೆದಿದೆಯೇ ಎಂದು ಹೋಲಿಸಲು ಅದು ಬೇಕು. ದಾರ ಹಾಕಿದ ಮೇಲೆ ಸ್ವರ ತುಸು ಜರುಗಿರುತ್ತದೆ, ಮಣಿಯಿಂದ ಇನ್ನೊಂದು ಸುತ್ತು ತಿದ್ದಿ.

ಹವೆ, ಏಸಿ, ಬಿರಡೆ

ಮುಂಬೈ, ಗೋವಾದ ಮಳೆಗಾಲದಲ್ಲಿ ಬಿರಡೆಯ ಮರ ಉಬ್ಬಿ ಕಚ್ಚಿಕೊಳ್ಳುತ್ತದೆ. ಬಲ ಹಾಕಿದರೆ ಒಮ್ಮೆಗೇ ಜಾರಿ ತಂತಿ ಕಡಿಯುತ್ತದೆ. ಮೊದಲು ಇಳಿಕೆಯ ಕಡೆಗೆ ಸಡಿಲಿಸಿ. ಪುಣೆಯ ಒಣ ಚಳಿಯಲ್ಲಿ ಇದರ ತಿರುಗುಮುರುಗು: ಮರ ಕುಗ್ಗಿ ಬಿರಡೆ ಜಾರುತ್ತದೆ, ಹೊರತೆಗೆದು ಸೀಮೆಸುಣ್ಣ ತಿಕ್ಕಿ ಮತ್ತೆ ಒತ್ತಿ. ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ನಡೆಯುವುದು ಡಿಸೆಂಬರಿನಲ್ಲಿ. ಆ ಸಂಜೆಗಳಲ್ಲಿ ತಂಪೇರಿದಂತೆ ಉಕ್ಕಿನ ತಂತಿ ಕುಗ್ಗಿ ಶ್ರುತಿ ಏರುತ್ತದೆ, ವೇದಿಕೆಯ ದೀಪದ ಕಾವಿಗೆ ಇಳಿಯುತ್ತದೆ. ಏಸಿ ಸಭಾಂಗಣದಲ್ಲೂ ಅಷ್ಟೆ. ತಂತಿ ನಿಮಿಷಗಳಲ್ಲಿ ತಣಿಯುತ್ತದೆ, ಮರಕ್ಕೆ ಗಂಟೆಗಳು ಬೇಕು. ಗವಸು ತೆಗೆದು ಅರ್ಧ ಗಂಟೆ ವೇದಿಕೆಯಲ್ಲೇ ಬಿಟ್ಟು ಆಮೇಲೆ ಶ್ರುತಿ ಮಾಡಿ. ಕಛೇರಿಯ ಗದ್ದಲದಲ್ಲಿ ಕ್ಲಿಪ್ ಟ್ಯೂನರಿನಿಂದ ಜೋಡಿಯ ಮೊದಲ ತಂತಿ ಎಷ್ಟು ಜರುಗಿದೆ ಎಂದಷ್ಟೇ ನೋಡಿಕೊಂಡರೆ ಉಳಿದದ್ದು ಕಿವಿಗೆ ಸಿಗುತ್ತದೆ.

ದಾರವನ್ನು ಎಲ್ಲಿಟ್ಟರೂ ಒಂದು ತಂತಿಯ ಮೇಲಿನ ಮೆಟ್ಟಿಲುಗಳು ಬೆಳಗದಿದ್ದರೆ ಕುದುರೆಯ ಮೈ ತಂತಿಯ ಉಜ್ಜಿಗೆ ಸವೆದಿದೆ ಎಂದರ್ಥ. ಮನೆಯಲ್ಲಿ ಪಾಲಿಶ್ ಕಾಗದ ಹಿಡಿದು ಕೂರಬೇಡಿ. ಕುದುರೆಯ ಬಾಗು ಒಂದು ಗೆರೆ ಹೆಚ್ಚು ಸವೆದರೂ ಮತ್ತೆ ಬರದು. ಜವಾರಿ ತೆಗೆಯುವ, ಅಂದರೆ ನಾದ ತೆರೆಯುವಂತೆ ಕುದುರೆಯ ಬಾಗನ್ನು ಹದಗೊಳಿಸುವ ನುರಿತ ಕೈ ಇರುವ ಊರು ಮಿರಜ. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಮುಂಬೈಯಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ. ಅವರಿಗೆ ಕೊಡುವಾಗ ನಿಮ್ಮ ಷಡ್ಜ ಯಾವುದು, ಪಂಚಮವೋ ಮಧ್ಯಮವೋ ಹೆಚ್ಚು ಬಳಕೆ ಎಂದು ಬರೆದುಕೊಡಿ. ಜವಾರಿ ತೆಗೆಯುವುದು ಆ ಬಿಗಿತಕ್ಕೆ. ಕಾಳಿ ಎಕ್‌ಗೆ ತೆಗೆದದ್ದನ್ನು ಪಾಂಢ್ರಿ ತೀನ್‌ಗೆ ಏರಿಸಿದರೆ ನಾದ ಮತ್ತೆ ಮುಚ್ಚಿಕೊಳ್ಳುತ್ತದೆ.