ಕಾಮಿಕ್ ಕಾನ್‌ಗೆ ಸಿಎಲ್, ಸಮ್ಮೇಳನಕ್ಕೆ ಓಓಡಿ

"ಏನ್ರಿ ಟೀಚರ್, ಕಾಮಿಡಿ ಪ್ರೋಗ್ರಾಮ್ ಐತೇನ್ರಿ?" ಎಂದು ಕೇಳಿದರು ನಮ್ಮ ಹೆಡ್‌ಮಾಸ್ಟರು. ಕಾಮಿಡಿ ಅಲ್ಲ ಸರ್, ಕಾಮಿಕ್ ಎಂದೆ. ಅವರು ಸಿಎಲ್ (ಸಾಂದರ್ಭಿಕ ರಜೆ) ಅರ್ಜಿಗೆ ಸಹಿ ಹಾಕಿದರು, ಮುಖದ ಮೇಲಿನ ನಗು ಮಾತ್ರ ಹೋಗಲಿಲ್ಲ.

ನಾನು ಬಾಗಲಕೋಟೆಯ ಹತ್ತಿರ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ನನ್ನ ಮೊದಲ ಕಾಮಿಕ್ಸ್ ಪುಸ್ತಕ ಹಿಡಿದುಕೊಂಡು 2023ರ ನವೆಂಬರಿನಲ್ಲಿ ಬೆಂಗಳೂರು ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಮೇಳಕ್ಕೆ ಹೋಗಿದ್ದೆ. ಕಥೆ ನಮ್ಮ ಹಳೇ ಬಾಗಲಕೋಟೆಯದು. ಆಲಮಟ್ಟಿ ಹಿನ್ನೀರು ಬಂದು, ಊರಿನ ಎಷ್ಟೋ ಓಣಿಗಳು ಖಾಲಿಯಾಗಿ, ಜನ ನವನಗರದ ಸೆಕ್ಟರುಗಳಿಗೆ ಬಂದರಲ್ಲ, ಅದು. 519.60 ಮೀಟರ್ ಎಂದರೆ ಬೇರೆಯವರಿಗೆ ಬರೀ ಅಂಕಿ. ನಮ್ಮ ಕಡೆ ಚಹಾ ಅಂಗಡಿಯಲ್ಲೂ ಅದು ಯಾವ ಅಂಕಿ ಎಂದು ಹೇಳುತ್ತಾರೆ. ಡ್ಯಾಮಿನಲ್ಲಿ ನೀರು ನಿಲ್ಲುವ ಮಟ್ಟ ಅದು. ನನ್ನ ಪುಸ್ತಕದಲ್ಲಿ ಒಬ್ಬ ಅಜ್ಜಿ ಆ ಅಂಕಿ ಹಿಡಿದುಕೊಂಡು ಮನೆಮನೆಗೆ ಹೋಗಿ, "ನಮ್ಮ ಹೊಸ್ತಿಲು ಎಷ್ಟು ಮೀಟರಿಗಿದೆ?" ಎಂದು ಕೇಳುತ್ತಾಳೆ.

ಮೊದಲು ಬರೆದಿದ್ದು 26 ಪುಟ. ಪ್ರೆಸ್ಸಿನವರು ನಕ್ಕರು. ಮಧ್ಯೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಒಂದು ಹಾಳೆ ಮಡಚಿದರೆ ನಾಲ್ಕು ಪುಟ ಅಲ್ವಾ? ಮಕ್ಕಳಿಗೆ ಪೇಪರ್ ಮಡಚಲು ಕಲಿಸುವ ನನಗೆ ಇದು ಹೊಳೆದಿರಲಿಲ್ಲ. ಒಂದು ರಾತ್ರಿ ಕೂತು ಇನ್ನೆರಡು ಪುಟ ಬರೆದೆ. ಹಳೇ ಊರಿನ ಹೋಳಿ, ಕಿಲ್ಲಾ ಓಣಿಯ ಹುಡುಗರ ಹಲಗಿ ಬಡಿತ, ಮಾತೇ ಇಲ್ಲ, ಬರೀ ಸದ್ದು. ಆ ಎರಡು ಪುಟದ ವಿಷಯ ಮುಂದೆ ಹೇಳುತ್ತೇನೆ.

200 ಪ್ರತಿ ಪ್ರಿಂಟ್ ಹಾಕಿಸಿದೆ. ಪ್ರೂಫ್ ತೋರಿಸಿದಾಗ ಮುಖಪುಟ ನೋಡಿ ಚೆಂದ ಬಂದಿದೆ ಅಂದುಬಿಟ್ಟೆ. ಒಳಗೆ ನೋಡಲಿಲ್ಲ. ಪುಸ್ತಕ ಬಂದ ಮೇಲೆ 11ನೇ ಪುಟ ತೆಗೆದರೆ "ಅಜ್ಜಿ" ಹೋಗಿ "ಅಜ್‌ಜಿ" ಆಗಿತ್ತು. ಒತ್ತಕ್ಷರಗಳೆಲ್ಲ ಕಿತ್ತುಕೊಂಡು ಪಕ್ಕದಲ್ಲಿ ನಿಂತಿದ್ದವು. ಕನ್ನಡದಲ್ಲಿ ಕಾಮಿಕ್ಸ್ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ. ಪುಸ್ತಕದ ಪುಟ ಕಟ್ಟುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರ ಜೋಡಿಸಲು ವರ್ಲ್ಡ್ ರೆಡಿ ಕಂಪೋಸರ್ ಎಂಬ ಸೆಟಿಂಗ್ ಇದೆ. ಅದನ್ನು ಆನ್ ಮಾಡದಿದ್ದರೆ ಯೂನಿಕೋಡ್ ಕನ್ನಡದ ಒತ್ತು ಒಡೆಯುತ್ತದೆ. ನಾನು 27 ಪುಟಕ್ಕೆ ಆನ್ ಮಾಡಿದ್ದೆ. ಕೊನೆ ಗಳಿಗೆಯಲ್ಲಿ ತಿದ್ದಿದ ಒಂದು ಪುಟಕ್ಕೆ ಮರೆತಿದ್ದೆ. ಈಗ ಪ್ರೆಸ್ಸಿಗೆ ಕೊಡುವ ಮೊದಲು ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡುತ್ತೇನೆ. ಆಮೇಲೆ ಯಾರ ಕಂಪ್ಯೂಟರಿನಲ್ಲಿ ತೆರೆದರೂ ಅವು ಚಿತ್ರದ ಹಾಗೆ ಅಲುಗಾಡದೆ ಇರುತ್ತವೆ.

ಮತ್ತೆ ಪ್ರಿಂಟ್ ಹಾಕಿಸಲು ದುಡ್ಡಿರಲಿಲ್ಲ. ಬಿಳಿ ಸ್ಟಿಕರಿನ ಮೇಲೆ ಸರಿಯಾದ ಮಾತು ಪ್ರಿಂಟ್ ತೆಗೆಸಿ ಗುಮ್ಮಟ್ ರೈಲು ಹತ್ತಿದೆ. ಅದೇ, ಗೋಲಗುಂಬಜ್ ಎಕ್ಸ್‌ಪ್ರೆಸ್. ಸಂಜೆ ಬಾಗಲಕೋಟೆಯಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಗದಗ ಬರುವ ತನಕ ಅಂಟಿಸಿದೆ. ಎದುರು ಸೀಟಿನ ಹೆಣ್ಣುಮಗಳು ಸುಮ್ನೆ ನೋಡುತ್ತಿದ್ದವರು, "ಕೊಡ್ರಿ ಇಲ್ಲೆ, ನಾನೂ ಹಚ್ಚತೀನಿ" ಎಂದು 50 ಪ್ರತಿಗೆ ಅಂಟಿಸಿಕೊಟ್ಟರು. ನನಗಿಂತ ನೇರವಾಗಿ ಅಂಟಿಸಿದ್ದರು.

ಕಾಮಿಕ್ ಕಾನ್ ನಡೆದಿದ್ದು ವೈಟ್‌ಫೀಲ್ಡಿನ ಕೆಟಿಪಿಒ ಹಾಲ್‌ನಲ್ಲಿ. ಹಿಂದಿನ ತಿಂಗಳಷ್ಟೇ ನೇರಳೆ ಮಾರ್ಗದ ಮೆಟ್ರೋ ಪೂರ್ತಿ ಓಡಲು ಶುರುವಾಗಿತ್ತು, ಹೀಗಾಗಿ ಮೆಜೆಸ್ಟಿಕ್‌ನಿಂದ ಪೆಟ್ಟಿಗೆ ಹೊತ್ತುಕೊಂಡು ಸೀದಾ ಹೋಗಲು ಆಯಿತು. ಅದೇ ದಾರಿಯಲ್ಲಿ ಟ್ರಿನಿಟಿ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರದಲ್ಲೇ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ಶುಕ್ರವಾರ ಅಲ್ಲಿ ಒಂದು ಗಂಟೆ ಕಳೆದೆ. ಕಾಮಿಕ್ಸ್ ಬರೆಯುವವರು ಬೆಂಗಳೂರಿಗೆ ಹೋದರೆ ಅದನ್ನು ಬಿಡಬೇಡಿ.

ಒಳಗೆ ದೊಡ್ಡ ಕಂಪನಿಗಳ ಸ್ಟಾಲುಗಳು ಬೇರೆ, ನಮ್ಮಂಥ ಒಬ್ಬೊಬ್ಬರೇ ಬರೆದು ಮಾರುವವರ ಟೇಬಲ್ ಸಾಲು ಬೇರೆ. ನನಗೆ ಸಿಕ್ಕಿದ್ದು ಒಂದು ಟೇಬಲ್, ಎರಡು ಕುರ್ಚಿ. ಮನೆಯಿಂದ ಅವ್ವನ ಗುಳೇದಗುಡ್ಡ ಖಣದ ಒಂದು ತುಂಡು ತಂದಿದ್ದೆ, ಅದನ್ನು ಹಾಸಿದೆ. ಮೊದಲ ಎರಡು ತಾಸಿನಲ್ಲಿ ಆರು ಮಂದಿ ಬಂದು ಕೇಳಿದ್ದು ಆ ಬಟ್ಟೆಯ ರೇಟು.

ಪುಸ್ತಕ ಹೋಗಲಿಲ್ಲ. ಕನ್ನಡ ಓದುವವರು ಅಲ್ಲಿ ಇರಲಿಲ್ಲ ಎಂದಲ್ಲ, ಬೇಕಾದಷ್ಟು ಇದ್ದರು. ತಪ್ಪು ನನ್ನದೇ. ನಾನು ಟೇಬಲ್ಲಿನ ಹಿಂದೆ ಕೂತು, ಯಾರಾದರೂ ಬಂದರೆ ಪರೀಕ್ಷೆ ಕೊಠಡಿಯ ಮೇಲ್ವಿಚಾರಕಿ ಹಾಗೆ ನೋಡುತ್ತಿದ್ದೆ. ಪಕ್ಕದ ಟೇಬಲ್ಲಿನ ಹುಡುಗ ನಿಂತೇ ಇರುತ್ತಿದ್ದ. ಹಾದುಹೋಗುವವರ ಕೈಗೆ ಪುಸ್ತಕ ಕೊಟ್ಟು, "ಈ ಪುಟ ಒಂದು ನೋಡಿ" ಎನ್ನುತ್ತಿದ್ದ. ಖಣ ಮಾರುವವರೂ ಅದನ್ನೇ ಮಾಡುತ್ತಾರೆ. ಬಟ್ಟೆಯ ಮಡಿಕೆ ಬಿಚ್ಚಿ ಕೈಗೆ ಕೊಟ್ಟ ಮೇಲೇ ರೇಟು ಹೇಳುವುದು. ನಾನೂ ಎದ್ದು ನಿಂತೆ. ಯಾವ ಪುಟ ತೋರಿಸಲಿ ಎಂದು ಹುಡುಕಿದಾಗ ಕೈ ಹೋಗಿದ್ದು ಆ ಹೋಳಿ ಪುಟಕ್ಕೆ. ಹಲಗಿ ಸದ್ದು ಓದಲು ಯಾರಿಗೂ ಕಷ್ಟವಿರಲಿಲ್ಲ. ಸೂಪರ್‌ಹೀರೋ ವೇಷದ ಒಬ್ಬ ಹುಡುಗ ಅದನ್ನು ಜೋರಾಗಿ ಓದಿ, ಕೈಯಲ್ಲಿದ್ದ ಗುರಾಣಿಯ ಮೇಲೆ ಬಡಿದು ತೋರಿಸಿದ.

ಸಂಜೆ ಹೊತ್ತಿಗೆ ಜಮಖಂಡಿ ಕಡೆಯ ಒಬ್ಬ ಹುಡುಗ ಬಂದ. ಐಟಿ ಕಂಪನಿಯ ಐಡಿ ಕಾರ್ಡು ಇನ್ನೂ ಕೊರಳಲ್ಲೇ ಇತ್ತು. ನಿಂತಲ್ಲೇ ಅರ್ಧ ಪುಸ್ತಕ ಓದಿದ. ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಆಮೇಲೆ ಒಂದು ಪುಟದ ಮೇಲೆ ಬೆರಳಿಟ್ಟ. ಅಜ್ಜಿಯ ಬಾಯಲ್ಲಿ ನಾನು ಬರೆದದ್ದು: "ನಮ್ಮ ಮನೆ ಮುಳುಗುವುದು ನಿಶ್ಚಯವೇ?"

"ಅಕ್ಕಾರ, ಬಾಗಲಕೋಟ್ಯಾಗ ಯಾವ ಅಜ್ಜಿ ನಿಶ್ಚಯವೇ ಅಂತಾಳ್ರಿ?"

ಬೆಂಗಳೂರಿನವರಿಗೆ ತಿಳಿಯಲಿ ಅಂತ ಹಾಗೆ ಬರೆದೆ ಎಂದೆ. ಅವನು ನಕ್ಕು, ಪುಸ್ತಕ ಕೊಂಡುಕೊಂಡು ಹೋದ. ನಾನು ಮಾತ್ರ ಆ ರಾತ್ರಿ ತಮ್ಮನ ರೂಮಿನಲ್ಲಿ ಮಲಗಿ ಅಜ್ಜಿಯ ಮಾತನ್ನೇ ತಿರುಗಿಸುತ್ತಿದ್ದೆ.

ಲೆಕ್ಕ ಹೇಳಿಬಿಡುತ್ತೇನೆ. 120 ರೂಪಾಯಿಯ ಪುಸ್ತಕ 23 ಹೋದವು. 2760 ರೂಪಾಯಿ. ಬಾದಾಮಿಯ ಮಂಗ ಪ್ರವಾಸಿಯ ಕನ್ನಡಕ ಕಸಿದುಕೊಂಡ ಚಿತ್ರದ ಪೋಸ್ಟ್‌ಕಾರ್ಡ್, 20 ರೂಪಾಯಿಯದು, 140 ಹೋದವು. 2800 ರೂಪಾಯಿ. ಅಂದರೆ ಎರಡು ವರ್ಷದ ಕೆಲಸಕ್ಕಿಂತ ಒಂದು ಮಧ್ಯಾಹ್ನ ಬರೆದ ಮಂಗ ಜಾಸ್ತಿ ದುಡಿದಿತ್ತು. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ರೈಲಿನ ಟಿಕೆಟ್ಟು ಮಂಗನ ಖರ್ಚು.

ಮುಂದಿನ ವರ್ಷ ಪುಸ್ತಕದ ಮಾತೆಲ್ಲ ಮತ್ತೆ ಬರೆದೆ. ಅಜ್ಜಿ ಈಗ "ನಮ್ಮನಿ ಖರೇನ ಮುಳಗತೈತೇನೋ ತಮ್ಮಾ?" ಎಂದಳು. ಒಂದು ಲಾಭ ನಾನು ಎಣಿಸಿರಲಿಲ್ಲ. ಮಾತಿನ ಗುಳ್ಳೆಗಳು ಸಣ್ಣದಾದವು. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ಸಾಲು ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಬಿಡಬೇಕು. ಪುಸ್ತಕದ ಭಾಷೆಯಲ್ಲಿ ನಾಲ್ಕು ಸಾಲು ತಿನ್ನುತ್ತಿದ್ದದ್ದು ನಮ್ಮ ಮಾತಿನಲ್ಲಿ ಎರಡೂವರೆಗೆ ಮುಗಿಯಿತು. ಅಜ್ಜಿಯ ಮುಖ ಕಾಣಲು ಜಾಗ ಸಿಕ್ಕಿತು.

300 ಪ್ರತಿ ಹೊಸದಾಗಿ ಹಾಕಿಸಿ, ಬೆಲೆ 100ಕ್ಕೆ ಇಳಿಸಿ, 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹೊರಟೆ. ಈ ಸಲ ಸಿಎಲ್ ಬೇಕಿರಲಿಲ್ಲ. ಸಮ್ಮೇಳನಕ್ಕೆ ಹೆಸರು ನೋಂದಾಯಿಸಿದರೆ ಸರ್ಕಾರಿ ನೌಕರರಿಗೆ ಓಓಡಿ ಸಿಗುತ್ತದೆ, ಅಂದರೆ ರಜೆ ಕಳೆಯದೆ ಅನ್ಯ ಕಾರ್ಯ ನಿಮಿತ್ತ ಹೋದ ಲೆಕ್ಕ. ಹೆಡ್‌ಮಾಸ್ಟರು ಈ ಸಲ ನಗಲಿಲ್ಲ. ಗುಮ್ಮಟ್ ರೈಲು ಬೆಂಗಳೂರು ದಾಟಿ ಮಂಡ್ಯದ ಮೇಲೆಯೇ ಮೈಸೂರಿಗೆ ಹೋಗುತ್ತದೆ, ಪೆಟ್ಟಿಗೆ ಇಳಿಸಿ ಹತ್ತಿಸುವ ಕಾಟವೂ ಇರಲಿಲ್ಲ. ವಿಜಯಪುರದ ಒಬ್ಬ ಪ್ರಕಾಶಕ ಗೆಳತಿಯ ಮಳಿಗೆಯಲ್ಲಿ ಒಂದು ಮೂಲೆ ಸಿಕ್ಕಿತ್ತು.

ನನಗೆ ವಿಜಯಪುರದ 2013ರ ಸಮ್ಮೇಳನ ನೆನಪಿದೆ. ಆಗ ನಾನು ಓದುವ ಹುಡುಗಿ. ಪುಸ್ತಕ ಕೊಳ್ಳಲು ಹೋಗಿ ರೊಟ್ಟಿ ಊಟದ ಸಾಲಿನಲ್ಲೇ ಅರ್ಧ ದಿನ ನಿಂತವಳು. ಹಾಗಾಗಿ ಊಟದ ಹೊತ್ತಿನಲ್ಲಿ ಮಳಿಗೆಗೆ ಜನ ಬರುವುದಿಲ್ಲ ಎಂದು ಗೊತ್ತಿತ್ತು. ನಾವು ಬೇಗ ಉಂಡು, ಜನ ಉಂಡು ಬರುವ ಹೊತ್ತಿಗೆ ಎದ್ದು ನಿಲ್ಲುತ್ತಿದ್ದೆವು. ಫೋನ್‌ಪೇ ಕ್ಯೂಆರ್ ಇದ್ದರೂ ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ. 100ರ ಬೆಲೆ ಇಟ್ಟಿದ್ದು ಅದಕ್ಕೇ. ಒಂದು ನೋಟು, ಒಂದು ಪುಸ್ತಕ, ಚಿಲ್ಲರೆಯ ಮಾತೇ ಇಲ್ಲ.

ಇಲ್ಲಿ ಯಾರೂ ಕಾಮಿಕ್ಸ್ ಎನ್ನಲಿಲ್ಲ. "ಚಿತ್ರದ ಪುಸ್ತಕನಾ?" "ಅಮರ ಚಿತ್ರ ಕಥೆ ಥರದ್ದಾ?" ಒಬ್ಬ ಹಿರಿಯರು ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು ಎಂದು ಪಾಠ ಮಾಡಿ, ಕೊನೆಗೆ ಪುಸ್ತಕ ಕೊಳ್ಳದೆ ಹೋದರು. ಜಾಸ್ತಿ ಕೊಂಡವರು ಮೇಷ್ಟ್ರುಗಳು, ಶಾಲೆಯ ಲೈಬ್ರರಿಗೆಂದು.

ನನ್ನ ಭಯ ಇದ್ದದ್ದು ಮಂಡ್ಯದವರಿಗೆ ಈ ಮಾತು ತಿಳಿಯುತ್ತದೋ ಇಲ್ಲವೋ ಎಂದು. ಎರಡನೇ ದಿನ ಮಳವಳ್ಳಿಯ ಕಡೆಯ ಒಬ್ಬ ಹಿರಿಯ ಹೆಂಗಸು ಬಂದರು, ನಿವೃತ್ತ ಟೀಚರ್. "ಮುಳಗತೈತೇನೋ" ಎಂದು ನಮ್ಮ ರಾಗದಲ್ಲೇ ಓದಲು ನೋಡಿ ನಕ್ಕರು. ತಿಳೀತಾ ಅಮ್ಮ ಎಂದು ಕೇಳಿದೆ.

"ತಿಳೀದೆ ಏನು ಕಣವ್ವ? ಕನ್ನಂಬಾಡಿ ಕಟ್ಟೆ ಕಟ್ಟಿದಾಗ ನಮ್ಮ ಕಡೇನೂ ಊರು ಮುಳುಗ್ತಲ್ಲ."

ಕೆಆರ್‌ಎಸ್ ಎಂದರೆ ಬೃಂದಾವನ, ಕಾರಂಜಿ ಎಂದಷ್ಟೇ ತಿಳಿದಿದ್ದವಳು ನಾನು. ಕನ್ನಂಬಾಡಿ ಎಂಬ ಊರೇ ಆ ನೀರಿನ ಅಡಿಗೆ ಹೋಗಿತ್ತು ಎಂಬುದು ತಲೆಗೆ ಬಂದೇ ಇರಲಿಲ್ಲ. ಅವರ ಅಜ್ಜಿಯ ತವರಿನ ಕಡೆಯವರು ಮನೆಯ ಬಾಗಿಲು, ಚೌಕಟ್ಟು ಕಿತ್ತು ಗಾಡಿಗೆ ಹಾಕಿಕೊಂಡು ಬಂದಿದ್ದರಂತೆ. ನಮ್ಮ ಮನೆಯಲ್ಲೂ ಹಳೇ ಬಾಗಲಕೋಟೆಯ ಬಾಗಿಲೇ ನವನಗರದ ಮನೆಗಿದೆ. ಚೌಕಟ್ಟಿಗೆ ಒಂದು ಗೇಣು ಉದ್ದ, ಹಾಗಾಗಿ ಕೆಳಗೆ ಕೊಯ್ದಿದ್ದಾರೆ. ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಮುಕ್ಕಾಲು ಗಂಟೆ. ಗೆಳತಿ ಕಣ್ಣು ಬಿಡುತ್ತಿದ್ದಳು, ಗಿರಾಕಿಗಳು ಹಾದುಹೋಗುತ್ತಿದ್ದರು. ನಾನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಅವರು ಹೇಳಿದ ಗಾಡಿ, ಬಾಗಿಲು, ಎತ್ತಿನ ಕೊಂಬಿಗೆ ಕಟ್ಟಿದ ಗಂಟು, ಎಲ್ಲ ಗೀಚಿಕೊಂಡೆ. ಆ ರಾತ್ರಿ ಲೆಕ್ಕ ತಾಳೆಯಾಗಲಿಲ್ಲ, ಎರಡು ಬಿಲ್ಲು ಆ ಚಿತ್ರಗಳ ಅಡಿ ಹೋಗಿದ್ದವು.

ಮೂರನೇ ದಿನ ಮಧ್ಯಾಹ್ನ ನೆನಪಾಯಿತು, ಹಾಜರಾತಿ ಪತ್ರ ತೆಗೆದುಕೊಂಡೇ ಇಲ್ಲ. ಅದಿಲ್ಲದೆ ಊರಿಗೆ ಹೋದರೆ ಓಓಡಿ ಹೋಗಿ ಮತ್ತೆ ಸಿಎಲ್ ಆಗುತ್ತದೆ. ಉಳಿದ ಪುಸ್ತಕಗಳಲ್ಲಿ ಏಳೆಂಟು ಚೀಲಕ್ಕೆ ಹಾಕಿಕೊಂಡು ಓಡಿದೆ. ಸಾಲು ಉದ್ದವಿತ್ತು. ಹಿಂದೆ ಮುಂದೆ ಎಲ್ಲ ಮೇಷ್ಟ್ರುಗಳೇ, ನಿಂತು ನಿಂತು ಬೇಸತ್ತವರು. ಹೋಳಿ ಪುಟ ತೆಗೆದು ಮುಂದಿನವರ ಕೈಗೆ ಕೊಟ್ಟೆ. ಅವರು ಓದಿ ತಮ್ಮ ಮುಂದಿನವರಿಗೆ ಕೊಟ್ಟರು. ಪುಸ್ತಕ ಕೌಂಟರಿನ ಹತ್ತಿರ ಹೋಗಿ, ಅಲ್ಲಿಂದ ಒಂದು ದನಿ ಬಂತು: "ಇದರ ರೇಟೆಷ್ಟು?" ನನ್ನ ಸರದಿ ಬರುವ ಹೊತ್ತಿಗೆ ಚೀಲದಲ್ಲಿ ಒಂದೇ ಒಂದು ಉಳಿದಿತ್ತು. ಪತ್ರ ಬರೆಯುತ್ತಿದ್ದವರು ತಲೆಯೆತ್ತದೆ, "ಅದೂ ಕೊಟ್ಟು ಹೋಗಿ ಮೇಡಂ" ಎಂದರು.