ಘಟ್ಟದಲ್ಲಿ ಹಳೆಯ ಲಾರಿಗೆ ಎಳೆತವಿಲ್ಲವೇ? ಪಂಪ್ ಬಿಚ್ಚಿಸುವ ಮೊದಲು ಇವನ್ನು ನೋಡಿ

ಕುಮಟಾದಲ್ಲಿ ಸರಕು ಹೇರಿಕೊಂಡು ಶಿರಸಿಗೆ ಹೊರಟ ಹಳೆಯ ಲಾರಿ, ದೇವಿಮನೆ ಘಟ್ಟದಲ್ಲಿ ಮೊದಲೆಲ್ಲ ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವಿನಲ್ಲಿ ಈಗ ಎರಡನೇ ಗೇರು ಕೇಳತೊಡಗಿದರೆ, ಜೊತೆಗೆ ಡೀಸೆಲ್ ಖರ್ಚೂ ಹೆಚ್ಚಿದರೆ, ಮಾಲೀಕರ ಅನುಮಾನ ನೇರವಾಗಿ ಹೋಗುವುದು ಡೀಸೆಲ್ ಪಂಪಿನ ಮೇಲೆ. ಪಂಪ್ ಬಿಚ್ಚಿಸಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಝಲ್ ಬದಲಿಸಿ, ಸಾವಿರಾರು ರೂಪಾಯಿ ತೆತ್ತ ಮೇಲೂ ಗಾಡಿ ಹಾಗೆಯೇ ಉಳಿಯುವುದುಂಟು. ಕರಾವಳಿಯಲ್ಲಿ ದುಡಿಯುವ ಗಾಡಿಗಳಲ್ಲಿ ದೋಷ ಎಷ್ಟೋ ಸಲ ಪಂಪಿನ ಹೊರಗೇ ಇರುತ್ತದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಪಂಪನ್ನು ಕೊನೆಗೆ ಮುಟ್ಟುವುದೇ ಸರಿಯಾದ ಕ್ರಮ. ಇಲ್ಲಿ ವಿವರಿಸುವುದು ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ (ಕಂಪ್ಯೂಟರ್ ನಿಯಂತ್ರಣವಿಲ್ಲದೆ ನೋಝಲ್‌ಗಳಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಇರುವ ಹಳೆಯ ಲಾರಿಗಳ ಬಗ್ಗೆ ಮಾತ್ರ.

ಮೊದಲು ಅಳತೆ

ಸಮತಟ್ಟಾದ ಜಾಗದಲ್ಲಿ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ, ಕಿಲೋಮೀಟರ್ ಬರೆದುಕೊಂಡು, ಎಂದಿನ ಮಾರ್ಗದಲ್ಲಿ ಎಂದಿನ ಹೇರಿನೊಂದಿಗೆ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಬೇಕು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಮೈಲೇಜ್ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ಟಯರಿನ ಅಳತೆ ಬದಲಾಗಿದ್ದರೆ ಕಿಲೋಮೀಟರ್ ಲೆಕ್ಕವೂ ತಪ್ಪುತ್ತದೆ ಎಂಬುದು ನೆನಪಿರಲಿ.

ಘಟ್ಟದ ಮೈಲೇಜನ್ನು ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿಯ ಮೈಲೇಜಿನೊಂದಿಗೆ ಹೋಲಿಸುವುದು ಗಾಡಿಗೆ ಮಾಡುವ ಅನ್ಯಾಯ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಒಟ್ಟು 16 ಟನ್ ತೂಗುವ ಲಾರಿಯನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಸುಮಾರು 94 ಮೆಗಾಜೂಲ್. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೂ ಎಂಜಿನ್ ಅದರಲ್ಲಿ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಚಕ್ರಕ್ಕೆ ಕೊಡಬಲ್ಲದು. ಅಂದರೆ ಗಾಳಿಯ ತಡೆ, ಟಯರಿನ ಉಜ್ಜಾಟ ಎಲ್ಲವನ್ನೂ ಬದಿಗಿಟ್ಟು, ಏರುವುದಕ್ಕೆಂದೇ ಏಳೆಂಟು ಲೀಟರ್ ಹೋಗುತ್ತದೆ. ಇದು ದೋಷವಲ್ಲ. ಹೋಲಿಕೆ ಏನಿದ್ದರೂ ಅದೇ ಗಾಡಿಯ, ಅದೇ ಮಾರ್ಗದ, ಅದೇ ತೂಕದ ಹಿಂದಿನ ಲೆಕ್ಕದೊಂದಿಗೆ ಇರಬೇಕು.

ಚಕ್ರ ಸಲೀಸಾಗಿ ತಿರುಗುತ್ತಿದೆಯೇ?

ಎಂಜಿನ್ನಿನ ಬಾನೆಟ್ ಎತ್ತುವ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಮಳೆಗಾಲದಲ್ಲಿ ಕೆಲವು ದಿನ ನಿಂತ ಲಾರಿಯಲ್ಲಿ, ಅದರಲ್ಲೂ ಮೀನಿನ ನೀರು ಸುರಿಯುವ ಗಾಡಿಗಳಲ್ಲಿ, ಬ್ರೇಕಿನ ಕ್ಯಾಮ್ ಶಾಫ್ಟಿಗೂ ಬುಷ್‌ಗಳಿಗೂ ತುಕ್ಕು ಹಿಡಿದು, ಪೆಡಲ್ ಬಿಟ್ಟ ಮೇಲೂ ಲೈನರ್ ಡ್ರಮ್ಮಿಗೆ ತಾಗಿಕೊಂಡೇ ಇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಓಡಿಸಿ ನಿಲ್ಲಿಸಿ, ಪ್ರತಿ ಡ್ರಮ್ಮಿನ ಮೇಲೆ ಒಂದೆರಡು ಹನಿ ನೀರು ಬಿಡಿ. ಒಂದು ಕಡೆ ನೀರು ಚುರ್ ಎಂದು ಆರಿ, ಅದೇ ಆಕ್ಸಲಿನ ಇನ್ನೊಂದು ಕಡೆ ಸುಮ್ಮನೆ ಇಳಿದುಹೋದರೆ, ಬಿಸಿಯಾದ ಕಡೆ ಬ್ರೇಕ್ ಹಿಡಿಯುತ್ತಿದೆ ಅಥವಾ ಹಬ್ ಬೇರಿಂಗ್ ಕೆಟ್ಟಿದೆ. ಚಕ್ರಕ್ಕೆ ಕಲ್ಲು ಕೊಟ್ಟು ಜಾಕ್ ಹಾಕಿ ಕೈಯಿಂದ ತಿರುಗಿಸಿದರೆ ಯಾವುದೆಂದು ತಿಳಿಯುತ್ತದೆ. ಟಯರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಅಳೆಯಬೇಕು. ಓಡಿ ಬಿಸಿಯಾದ ಟಯರ್ ಹೆಚ್ಚು ಒತ್ತಡ ತೋರಿಸುತ್ತದೆ.

ಕ್ಲಚ್ ಜಾರುತ್ತಿದ್ದರೂ ಎಳೆತ ಹೋಗುತ್ತದೆ. ಏರಿನಲ್ಲಿ ಎಂಜಿನ್ ಸದ್ದು ಮೇಲೇರಿದರೂ ಗಾಡಿಯ ವೇಗ ಏರದೆ, ಸುಟ್ಟ ವಾಸನೆ ಬಂದರೆ ಬೇರೆ ಪರೀಕ್ಷೆ ಬೇಕಿಲ್ಲ.

ಹೊಗೆಯ ಬಣ್ಣ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹೇರು ಇರುವಾಗ, ಏರಿನಲ್ಲಿ ಬರುವ ಹೊಗೆಯನ್ನು ನೋಡಬೇಕು. ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ, ಅಥವಾ ಡೀಸೆಲ್ ಅಗತ್ಯಕ್ಕಿಂತ ಹೆಚ್ಚು ಬೀಳುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಹೊತ್ತು, ಹಿಂದೆ ಬಿದ್ದಿರಬಹುದು; ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಲ್ಪಡುವ ಬಲ, ಇಳಿದಿರಬಹುದು. ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಇನ್ನು, ಹೊಗೆಯೇ ಇಲ್ಲದೆ ಎಳೆತ ಮಾತ್ರ ಇಳಿದಿದ್ದರೆ ಪಂಪಿಗೆ ಡೀಸೆಲ್ ಸಾಲುತ್ತಿಲ್ಲ, ಇಲ್ಲವೇ ಆಕ್ಸಿಲರೇಟರ್ ಪೂರ್ತಿ ತುಳಿದರೂ ಪಂಪಿನ ಲಿವರ್ ಕೊನೆಯವರೆಗೆ ಹೋಗುತ್ತಿಲ್ಲ. ಈ ಎರಡನೆಯದನ್ನು ಒಬ್ಬರು ಪೆಡಲ್ ತುಳಿದು ಇನ್ನೊಬ್ಬರು ಲಿವರ್ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯಬಹುದು.

ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಮೊದಲು. ಚಿರೆಕಲ್ಲಿನ ಕ್ವಾರಿಗೆ ಹೋಗುವ ಲಾರಿಗಳಲ್ಲಿ ಕೆಂಪು ಧೂಳು ಕಾಗದದ ಮಡಿಕೆಗಳಲ್ಲಿ ಕೂತು, ಮಳೆಗಾಲದ ತೇವಕ್ಕೆ ಕೆಸರಾಗಿ ಅಂಟಿಬಿಡುತ್ತದೆ. ಅಂಥ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ ಮತ್ತೆ ಹಾಕಿದರೆ ಕಾಗದ ಹರಿದು ಧೂಳು ನೇರ ಎಂಜಿನ್ನಿಗೆ ಹೋಗುವ ಅಪಾಯವಿದೆ, ಬದಲಿಸುವುದೇ ಲೇಸು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಇರುವ ಗಾಡಿಯಲ್ಲಿ ರಬ್ಬರ್ ಹೋಸ್‌ಗಳ ಜೋಡಣೆಗೆ ಸೋಪಿನ ನೀರು ಹಚ್ಚಿ, ಎಂಜಿನ್ ರೇಸ್ ಮಾಡಿಸಿ, ಗುಳ್ಳೆ ಏಳುತ್ತದೆಯೇ ನೋಡಬೇಕು.

ಫಿಲ್ಟರ್ ಸರಿಯಿದ್ದರೆ ಮುಂದೆ ನೋಡಬೇಕಾದದ್ದು ಎಕ್ಸಾಸ್ಟ್ ಬ್ರೇಕ್. ಬಹಳ ಜನ ಇದನ್ನು ಮರೆತೇಬಿಡುತ್ತಾರೆ. ಇಳಿಜಾರಿನಲ್ಲಿ ಹೊಗೆಯ ದಾರಿಯನ್ನು ಅಡ್ಡಗಟ್ಟಿ ಗಾಡಿಯನ್ನು ತಡೆಯುವ ಈ ತಟ್ಟೆ ಸೈಲೆನ್ಸರ್ ಪೈಪಿನೊಳಗೆ ಒಂದು ಸಣ್ಣ ಶಾಫ್ಟಿನ ಮೇಲೆ ತಿರುಗುತ್ತದೆ. ಒಳಗಿನಿಂದ ಮಸಿ, ಹೊರಗಿನಿಂದ ಉಪ್ಪು ಗಾಳಿ ಸೇರಿ ಆ ಶಾಫ್ಟ್ ಜಾಮ್ ಆದರೆ, ಅರಬೈಲ್ ಘಟ್ಟ ಇಳಿಯುವಾಗ ಮುಚ್ಚಿದ ತಟ್ಟೆ ಮರಳಿ ಪೂರ್ತಿ ತೆರೆಯುವುದಿಲ್ಲ. ಹೊಗೆ ಹೊರಹೋಗದ ಎಂಜಿನ್ನಿಗೆ ಹೊಸ ಗಾಳಿ ಒಳಬರುವುದಿಲ್ಲ. ಎಳೆತ ಇಳಿಯುತ್ತದೆ, ಡೀಸೆಲ್ ವ್ಯರ್ಥವಾಗಿ ಉರಿಯುತ್ತದೆ. ಕ್ಲೀನರ್ ಕ್ಯಾಬಿನ್ನಿನಲ್ಲಿ ಕೂತು ಸ್ವಿಚ್ ಒತ್ತಿ ಬಿಡುತ್ತಿರಲಿ, ನೀವು ಹೊರಗಿನ ಲಿವರಿನ ಮೇಲೆ ಕಣ್ಣಿಡಿ. ಒತ್ತಿದಾಗ ಹೋದಷ್ಟೇ ಚುರುಕಾಗಿ ಅದು ಹಿಂದಿನ ಗುರುತಿಗೆ ಬಂದು ನಿಲ್ಲಬೇಕು. ನಿಧಾನವಾಗಿ ಬಂದರೆ, ಅಥವಾ ಬೆರಳಗಲದಷ್ಟು ದೂರದಲ್ಲೇ ನಿಂತರೆ, ನಿಮ್ಮ ಮೈಲೇಜ್ ಎಲ್ಲಿ ಹೋಗುತ್ತಿದೆ ಎಂಬುದು ಅಲ್ಲೇ ಸಿಕ್ಕಿತು. ಲಿವರ್ ಬಿಸಿ ಇರುವಾಗ ಕೈ ಹಾಕಬೇಡಿ.

ಟ್ಯಾಂಕಿನಿಂದ ಪಂಪಿನವರೆಗೆ

ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ನೀರಾಗಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಜಾಲರಿಗೂ ಫಿಲ್ಟರಿಗೂ ಮೆತ್ತಿಕೊಳ್ಳುತ್ತವೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಟ್ಯಾಂಕಿನ ಡ್ರೈನ್ ಪ್ಲಗ್ ಸಡಿಲಿಸಿ ಮೊದಲು ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಇಟ್ಟು ನೋಡಿದರೆ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದೆಯೇ ಎಂಬುದನ್ನೂ ನೋಡಿ.

ಫಿಲ್ಟರ್ ಬದಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪಿನ ಜಾಲರಿ ತೊಳೆದ ಮೇಲೂ ಎಳೆತ ಬಾರದಿದ್ದರೆ ಒಂದು ಪರೀಕ್ಷೆ ಬಹಳ ಉಪಯುಕ್ತ. ಶುದ್ಧ ಡೀಸೆಲ್ ತುಂಬಿದ ಕ್ಯಾನೊಂದನ್ನು ಸೈಲೆನ್ಸರಿನಿಂದ ದೂರ, ಅಲುಗದಂತೆ ಬಿಗಿಯಾಗಿ ಕಟ್ಟಿ, ಪಾರದರ್ಶಕ ಪೈಪಿನ ಮೂಲಕ ನೇರವಾಗಿ ಫೀಡ್ ಪಂಪಿಗೆ ಜೋಡಿಸಿ, ಏರ್ ತೆಗೆದು, ವಾಹನ ಸಂಚಾರ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ ಓಡಿಸಬೇಕು. ಎಳೆತ ಮರಳಿದರೆ ದೋಷ ಟ್ಯಾಂಕಿನಲ್ಲಿ ಅಥವಾ ಅಲ್ಲಿಂದ ಬರುವ ಪೈಪಿನಲ್ಲಿದೆ. ಹಳೆಯ ಪೈಪನ್ನೇ ಮತ್ತೆ ಜೋಡಿಸುವಾಗ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಇಟ್ಟರೆ, ಎಲ್ಲಿಂದಲೋ ಏರ್ ಎಳೆದುಕೊಳ್ಳುತ್ತಿದ್ದಲ್ಲಿ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ.

ತಣ್ಣಗಿರುವ ಎಂಜಿನ್

ಘಟ್ಟದಲ್ಲಿ ಎಂಜಿನ್ ಬಿಸಿಯಾಯಿತೆಂದು ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕುವ ರೂಢಿ ನಮ್ಮಲ್ಲಿದೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಬಿಸಿಗೆ ಕಾರಣವಾದ ರೇಡಿಯೇಟರಿನ ಕಸ ಅಲ್ಲೇ ಉಳಿದು, ಸಮತಟ್ಟಿನಲ್ಲಿ ಮತ್ತು ಇಳಿಜಾರಿನಲ್ಲಿ ಎಂಜಿನ್ ತಣ್ಣಗಾಗಿಯೇ ಓಡುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸಿಲಿಂಡರಿನ ಲೈನರ್ ಬೇಗ ಸವೆಯುತ್ತದೆ. ತಾಪಮಾನದ ಮುಳ್ಳು ಸದಾ ಕೆಳಗೇ ಇದ್ದರೆ ವಾಲ್ವ್ ಇದೆಯೋ ಇಲ್ಲವೋ ಬಿಚ್ಚಿ ನೋಡಿ.

ಕೊನೆಗೆ ಪಂಪ್, ನೋಝಲ್

ಇಷ್ಟೆಲ್ಲ ಸರಿಯಿದ್ದರೆ ಅನುಭವಿ ಮೆಕ್ಯಾನಿಕ್‌ನಿಂದ ಟ್ಯಾಪೆಟ್ ಗ್ಯಾಪನ್ನು (ಎಂಜಿನ್ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಆ ಎಂಜಿನ್ನಿಗೆ ಕಂಪನಿ ಹೇಳಿದ ಅಳತೆಗೇ ಕೂರಿಸಿ, ನಂತರ ಐಡಲ್‌ನಲ್ಲಿ ಒಂದೊಂದೇ ನೋಝಲಿನ ಪೈಪ್ ನಟ್ ಸಡಿಲಿಸಿ ನೋಡಿಸಬೇಕು. ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗಬಲ್ಲದು. ಕನ್ನಡಕ ಧರಿಸಿ, ಕೈ ದೂರವಿಡಿ. ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಕಂಪ್ಯೂಟರ್ ನಿಯಂತ್ರಣದ ಹೊಸ ಡೀಸೆಲ್ ಎಂಜಿನ್ ಇರುವ ಗಾಡಿಯಲ್ಲಿ, ಒತ್ತಡ ಸಾವಿರ ಬಾರ್ ದಾಟುವುದರಿಂದ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಬಂದರೆ ರಿಂಗ್, ಲೈನರ್ ಸವೆದಿವೆ, ಆಗ ಕಂಪ್ರೆಷನ್ ಅಳೆಸದೆ ಪಂಪಿಗೆ ಹಣ ಹಾಕುವುದು ವ್ಯರ್ಥ.

ಪಂಪನ್ನು ಅಂಗಡಿಗೆ ಕಳಿಸಲೇಬೇಕಾದರೆ ಬಿಚ್ಚುವ ಮೊದಲು ಟೈಮಿಂಗ್ ಗುರುತು ಹಾಕಿಸಿ. ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತಿತ್ತು, ಸರಿಪಡಿಸಿದ ಮೇಲೆ ಎಷ್ಟು ಹೋಗುತ್ತಿದೆ ಎಂಬ ಟೆಸ್ಟ್ ಬೆಂಚಿನ ಅಂಕಿಗಳನ್ನು ಬರೆಸಿಕೊಳ್ಳಿ. ಪಿಕಪ್ ಬರಲೆಂದು ಡೀಸೆಲ್ ಹೆಚ್ಚಿಸಿಕೊಡುತ್ತೇವೆ ಎಂದರೆ ಬೇಡವೆನ್ನಿ; ಗಾಳಿ ಹೆಚ್ಚದೆ ಡೀಸೆಲ್ ಮಾತ್ರ ಹೆಚ್ಚಿದರೆ ಸಿಗುವುದು ಕಪ್ಪು ಹೊಗೆ ಮತ್ತು ಸುಟ್ಟ ಪಿಸ್ಟನ್. ಪಂಪ್ ಕೂರಿಸಿದ ಮೇಲೆ ಅದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಅದೇ ಹೇರಿನೊಂದಿಗೆ ಅದೇ ಘಟ್ಟಕ್ಕೆ ಓಡಿಸಿ, ಹೊಸ ಅಳತೆಯನ್ನು ಹಳೆಯದರ ಪಕ್ಕದಲ್ಲೇ ಬರೆದಿಡಿ.