ಚಾರಿಝಾರ್ಡ್ ಕಾರ್ಡನ್ನು ನಾನು ತೂಗಿ ನೋಡಿದ ರೀತಿ

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಪೋಕೆಮಾನ್ ಕಾರ್ಡಿನ ಡಬ್ಬಿ ಹರವಿಕೊಂಡು ಕೂತ. ಮೊದಲು ಎತ್ತಿಕೊಂಡಿದ್ದೇ ಚಾರಿಝಾರ್ಡ್. "ಮಾಮ, ನೂರು ಡ್ಯಾಮೇಜು! ಇದನ್ನ ನಾಲ್ಕು ಹಾಕಿದ್ರೆ ಗೆದ್ದಂಗೇ ಅಲ್ವಾ?" ಅಂದ. ಚಿಪ್ಸ್ ಪೊಟ್ಟಣದ ಟಾಝೋ ಕೂಡಿಡುತ್ತಿದ್ದ ವಯಸ್ಸಿನಲ್ಲಿ ನಾನೂ ಹಾಗೇ ನಂಬಿದ್ದೆ. ಹೌದು, ಇಲ್ಲ ಅಂತ ಬಾಯಲ್ಲಿ ಹೇಳಿ ಮುಗಿಸೋದು ಬೇಡ, ಲೆಕ್ಕ ಹಾಕಿಯೇ ನೋಡೋಣ ಅಂತ ಒಂದು ನೋಟ್‌ಬುಕ್ ತೆಗೆದೆ.

ಇದು ಬೇಸ್ ಸೆಟ್‌ನ, ಅಂದರೆ ಈ ಆಟದ ಮೊಟ್ಟಮೊದಲ ಸೆಟ್‌ನ ಕಾರ್ಡು, ನಂಬರ್ 4/102. ಜಪಾನಿನಲ್ಲಿ 1996ರಲ್ಲಿ ಬಂತು, ಇಂಗ್ಲಿಷಿನಲ್ಲಿ 1999ರಲ್ಲಿ. ಚಿತ್ರ ಮಿತ್ಸುಹಿರೊ ಅರಿತ ಅವರದು. ನನ್ನ ಹತ್ತಿರ ಇರುವುದು 2021ರ ಸೆಲೆಬ್ರೇಷನ್ಸ್ ಸೆಟ್‌ನಲ್ಲಿ ಮತ್ತೆ ಅಚ್ಚಾದದ್ದು. ಆಟ ಮಾತ್ರ ಹಳೇ ಬೇಸ್ ಸೆಟ್ ಕಾರ್ಡುಗಳಲ್ಲೇ, ಇಲ್ಲದ ಕಾರ್ಡುಗಳನ್ನು ಪ್ರಿಂಟ್ ತೆಗೆದು ಕವರಿನಲ್ಲಿ ಹಾಕಿಕೊಂಡೆವು.

ಯಾವ ಕಾರ್ಡು ಕೈಗೆ ಬಂದರೂ ನಾನು ಡ್ಯಾಮೇಜ್ ಅಂಕಿ ನೋಡುವುದು ಕೊನೆಗೆ. ಮೊದಲ ಪ್ರಶ್ನೆ: ಇದು ಎಷ್ಟನೇ ಸರದಿಯಲ್ಲಿ ಮೊದಲ ಏಟು ಕೊಡುತ್ತದೆ? ಚಾರಿಝಾರ್ಡ್‌ನ ಆ ನೂರರ ಏಟಿನ ಹೆಸರು ಫೈರ್ ಸ್ಪಿನ್, ಅದಕ್ಕೆ 4 ಫೈರ್ ಎನರ್ಜಿ ಬೇಕು. ಎನರ್ಜಿ ಅಂದರೆ ಏಟು ಕೊಡಲು ಪೋಕೆಮಾನ್‌ಗೆ ಸೇರಿಸಬೇಕಾದ ಕಾರ್ಡು. ಸರದಿಗೆ ಒಂದೇ ಎನರ್ಜಿ ಕಾರ್ಡು ಹಾಕಬಹುದು, ಹಾಗಾಗಿ ನಾಲ್ಕನೇ ಸರದಿ. ಅಷ್ಟರೊಳಗೆ ಅದರ ಮೊದಲ ರೂಪವಾದ ಚಾರ್ಮಾಂಡರ್ ಬೆಳೆದು ಚಾರ್ಮೀಲಿಯನ್ ಆಗಿ, ಅದು ಚಾರಿಝಾರ್ಡ್ ಆಗಿರಬೇಕು. ಇನ್ನು ಏಟು ಕೊಡುವಾಗ 2 ಎನರ್ಜಿ ಕಾರ್ಡು ಎಸೆಯಬೇಕು, ಅಂದರೆ ಐದನೇ ಸರದಿ ಖಾಲಿ, ಮತ್ತೆ ಏಟು ಆರರಲ್ಲಿ.

ಪಕ್ಕದ ಪುಟದಲ್ಲಿ ಹಿಟ್‌ಮೊನ್‌ಚಾನ್ ಬರೆದೆ. ಅದು ಬೇಸಿಕ್, ಬೆಳೆಯಬೇಕಾಗಿಲ್ಲ. ಒಂದು ಎನರ್ಜಿಗೆ ಜ್ಯಾಬ್ 20, ಮೂರಕ್ಕೆ ಸ್ಪೆಷಲ್ ಪಂಚ್ 40, ಏನೂ ಎಸೆಯಬೇಕಿಲ್ಲ. ಸರದಿವಾರು 20, 20, 40, 40, 40, 40. ಕೂಡಿದರೆ 200. ಚಾರಿಝಾರ್ಡ್ ನಾಲ್ಕರಲ್ಲಿ 100, ಆರರಲ್ಲಿ 100, ಅದೂ 200. ಹುಡುಗ ಎರಡು ಸಲ ಕೂಡಿ ನೋಡಿದ. ಆರು ಸರದಿ ಆದಮೇಲೆ ಇಬ್ಬರೂ ಸಮ, ಆದರೆ ಒಬ್ಬ ಮೊದಲ ಸರದಿಯಿಂದಲೇ ಹೊಡೆಯುತ್ತಿದ್ದಾನೆ, ಇನ್ನೊಬ್ಬ ಮೂರು ಸರದಿ ಸುಮ್ನೆ ಕೂತಿದ್ದ. ಇದೇ ಈ ಕಾರ್ಡಿನ ದೊಡ್ಡ ದೌರ್ಬಲ್ಯ, ಮತ್ತು ಇದು ಕಾರ್ಡಿನ ಮೇಲೆ ಎಲ್ಲೂ ಅಚ್ಚಾಗಿಲ್ಲ.

ಬೇಗ ಹೊಡೆಯುವ ದಾರಿ ಇಲ್ಲವೇ ಅಂದರೆ ಇದೆ. ಎನರ್ಜಿ ಬರ್ನ್ ಅನ್ನುವ ಶಕ್ತಿಯಿಂದ ತನ್ನ ಮೇಲಿರುವ ಯಾವ ಎನರ್ಜಿಯನ್ನಾದರೂ ಫೈರ್ ಮಾಡಿಕೊಳ್ಳುತ್ತದೆ. ಮೊದಲ ಸರದಿಯಲ್ಲಿ ಚಾರ್ಮಾಂಡರ್ ಮೇಲೆ ಡಬಲ್ ಕಲರ್‌ಲೆಸ್ (ಒಂದೇ ಕಾರ್ಡಿನಲ್ಲಿ ಎರಡು ಎನರ್ಜಿ), ಎರಡನೆಯದರಲ್ಲಿ ಪೋಕೆಮಾನ್ ಬ್ರೀಡರ್ ಕಾರ್ಡು ಆಡಿ, ನಡುವಿನ ಚಾರ್ಮೀಲಿಯನ್ ಬಿಟ್ಟು ನೇರ ಚಾರಿಝಾರ್ಡ್, ಇನ್ನೊಂದು ಡಬಲ್ ಕಲರ್‌ಲೆಸ್, 100 ಡ್ಯಾಮೇಜ್! ನೋಡೋಕೆ ತುಂಬಾ ಚೆಂದ. ಆದರೆ ಅದಕ್ಕೆ ಇಂಥವೇ ಐದು ಕಾರ್ಡು ಕೈಯಲ್ಲಿರಬೇಕು. ಆಡಲು ಜೋಡಿಸಿದ 60 ಕಾರ್ಡಿನ ಡೆಕ್ಕಿನಲ್ಲಿ ಒಂದು ಕಾರ್ಡು 4 ಇದ್ದರೂ ಶುರುವಿನಲ್ಲಿ ಕೈಗೆ ಬರುವ 7ರಲ್ಲಿ ಅದು ಸಿಗುವ ಸಾಧ್ಯತೆ ಶೇ 40ರಷ್ಟು, ಅದೂ ಒಂದೊಂದಕ್ಕೂ. ಏಟು ಕೊಟ್ಟ ಮೇಲೆ ಎರಡೂ ಎನರ್ಜಿ ಹೋಗಿ ಮೈ ಬರಿದಾಗುತ್ತದೆ.

ಎರಡನೇ ಪ್ರಶ್ನೆ: ಇದನ್ನು ಎದುರಾಳಿ ಎಷ್ಟು ಸುಲಭವಾಗಿ ಕೆಡಿಸಬಹುದು? ತುಂಬಾ ಸುಲಭ. ಎನರ್ಜಿ ರಿಮೂವಲ್ ಒಂದು ಎನರ್ಜಿ ಕಾರ್ಡು ಕಿತ್ತುಹಾಕುತ್ತದೆ, ಸೂಪರ್ ಎನರ್ಜಿ ರಿಮೂವಲ್ ಎರಡು. ನಾಲ್ಕು ಸರದಿ ಕಾದು ಕೂಡಿಸಿದ್ದು ಒಂದು ಕಾರ್ಡಿಗೆ ಅರ್ಧ ಮಾಯ. ಗಸ್ಟ್ ಆಫ್ ವಿಂಡ್ ಆಡಿದರೆ ಬೆಂಚಿನ ಮೇಲೆ, ಅಂದರೆ ಹಿಂದೆ ಕಾಯುವ ಸಾಲಿನಲ್ಲಿರುವ 50 ಎಚ್‌ಪಿ (ಬೀಳುವ ಮುನ್ನ ತಡೆಯುವ ಡ್ಯಾಮೇಜ್) ಚಾರ್ಮಾಂಡರನ್ನು ಮುಂದಕ್ಕೆ ಎಳೆದು ಹೊಡೆಯಬಹುದು. ನೀರಿನ ಪೋಕೆಮಾನ್‌ಗಳ ವಿಷಯ ಇನ್ನೂ ಬಿಗಿ: ಬ್ಲಾಸ್ಟಾಯ್ಸ್‌ನ ಹೈಡ್ರೋ ಪಂಪ್ ಗರಿಷ್ಠ 60, ಚಾರಿಝಾರ್ಡ್‌ಗೆ ನೀರು ವೀಕ್‌ನೆಸ್ ಆದ್ದರಿಂದ ದುಪ್ಪಟ್ಟು, 120. ಚಾರಿಝಾರ್ಡ್‌ನ ಎಚ್‌ಪಿ ಕೂಡ 120, ಒಂದೇ ಏಟಿಗೆ ಹೋಗುತ್ತದೆ.

100 ಅನ್ನುವ ಅಂಕಿಯನ್ನೂ ಎದುರಿಗಿರುವವರ ಎಚ್‌ಪಿ ಜೊತೆ ಇಟ್ಟು ನೋಡಬೇಕು. ಎಲೆಕ್ಟಬಝ್, ಹಿಟ್‌ಮೊನ್‌ಚಾನ್ ಇಬ್ಬರದೂ 70, ಅಲ್ಲಿ 30 ವ್ಯರ್ಥ. ಚಾನ್ಸಿಯದು 120, ಅದು ಬೀಳುವುದೇ ಇಲ್ಲ. ಹೊಡೆದು ಬೀಳಿಸಿದರೆ ಸಿಗುವುದು ಒಂದೇ ಪ್ರೈಜ್ ಕಾರ್ಡು, ಆಟ ಗೆಲ್ಲಲು ಬೇಕಾದದ್ದು ಆರು.

ಬೆಲೆಯ ಲೆಕ್ಕ ಬೇರೆ ಪುಟ, ಎರಡನ್ನೂ ಬೆರೆಸಬೇಡಿ. ಅಲ್ಲಿ ನೋಡುವುದು ಫಸ್ಟ್ ಎಡಿಷನ್ ಮುದ್ರೆ, ಚಿತ್ರದ ಚೌಕಟ್ಟಿನ ಬಲಕ್ಕೆ ನೆರಳಿದೆಯೋ ಇಲ್ಲವೋ, ಹಿಂಬದಿಯ ನೀಲಿ ಅಂಚು ಬೆಳ್ಳಗಾಗಿದೆಯೋ, ಹೊಳೆಯುವ ಭಾಗದಲ್ಲಿ ಗೀರುಗಳೆಷ್ಟು ಅಂತ. ಆಟದಲ್ಲಿ ಸೋಲುವ ಕಾರ್ಡೂ ದುಬಾರಿಯಾಗಬಹುದು.

ಹಾಗಂತ ಚಾರಿಝಾರ್ಡ್ ಕೆಟ್ಟ ಕಾರ್ಡು ಅಂತ ನಾನು ಒಪ್ಪುವುದಿಲ್ಲ. ಬೆಂಚಿನಲ್ಲಿ ನೆಮ್ಮದಿಯಾಗಿ ಬೆಳೆಯೋಕೆ ಅದಕ್ಕೆ ಯಾರಾದರೂ ಮುಂದೆ ನಿಂತು ಸಮಯ ಕೊಡಬೇಕು, ಅಷ್ಟೇ. ಅದು ಹೊಳೆದ ಮೇಲೆ ಎನರ್ಜಿ ಬರ್ನ್ ಇನ್ನೊಂದು ಸಲ ಓದಿದೆ. ಯಾವ ಎನರ್ಜಿಯಾದರೂ ಆಗುತ್ತದೆ ಅಂದರೆ ಹಿಟ್‌ಮೊನ್‌ಚಾನ್ ಬಳಸುವ ಫೈಟಿಂಗ್ ಕೂಡ ಆಗುತ್ತದೆ, ಮುಂದೆ ನಿಲ್ಲೋಕೆ ಅದೇ ಸರಿ! ಚಾರ್ಮಾಂಡರ್‌ನ ಸ್ಕ್ರ್ಯಾಚ್‌ಗೂ ಇಂಥದೇ ಎನರ್ಜಿ ಅಂತಿಲ್ಲ. ಅಲ್ಲದೆ ಚಾರಿಝಾರ್ಡ್‌ಗೆ ಫೈಟಿಂಗ್ ವಿರುದ್ಧ 30 ರೆಸಿಸ್ಟೆನ್ಸ್ ಇದೆ, ಅಂದರೆ ಏಟಿನಲ್ಲಿ 30 ಕಡಿಮೆ, ಎದುರಾಳಿಯ ಹಿಟ್‌ಮೊನ್‌ಚಾನ್ ಜ್ಯಾಬ್ ಹೊಡೆದರೆ ತಗಲುವುದು ಸೊನ್ನೆ.

ಹೀಗಾಗಿ ಈಗ ನಮ್ಮ ಡೆಕ್ಕಿನಲ್ಲಿ ಹಿಟ್‌ಮೊನ್‌ಚಾನ್ 4, ಚಾರಿಝಾರ್ಡ್ 2, ಡಬಲ್ ಕಲರ್‌ಲೆಸ್ 4, ಉಳಿದ ಎನರ್ಜಿಯೆಲ್ಲ ಫೈಟಿಂಗ್. ಒಂದೇ ಒಂದು ಫೈರ್ ಎನರ್ಜಿ ಇಲ್ಲ. ಹುಡುಗ ಅದನ್ನು ಊರಿಗೆ ತೆಗೆದುಕೊಂಡು ಹೋಗಿದ್ದಾನೆ, ಮೊನ್ನೆ ಫೋನ್ ಮಾಡಿ ಬ್ರೀಡರ್ 2 ಸಾಕಾ 3 ಬೇಕಾ ಅಂತ ಕೇಳುತ್ತಿದ್ದ. 3 ಹಾಕು ಅಂದೆ.